ಮಾಧವರಂನಲ್ಲಿ ನಾನು ಇಟ್ಟ ಹೋಟೆಲು

ಹೋಟೆಲಿನವರಿಗೆ ಮಾತಾಡಲು ಒಂದು ಜಾಗ ಬೇಕು ಎಂದು ನಮ್ಮ ಆಫೀಸಿನಲ್ಲಿ ಏಳು ಜನ ಕೂತು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡೆವು. ಏಳರಲ್ಲಿ ಒಬ್ಬರಾದರೂ ಹೋಟೆಲಿನ ಗಲ್ಲಾದ ಹಿಂದೆ ಒಂದು ಗಂಟೆ ನಿಂತವರಲ್ಲ. ನಾನೂ ಅಲ್ಲ. ಮೂವರಂತೂ ಮಧ್ಯಾಹ್ನದ ಊಟವನ್ನೂ ಫೋನಿನಲ್ಲಿ ತರಿಸಿಕೊಳ್ಳುವವರು. ಅವರ ಪಾಲಿಗೆ ಹೋಟೆಲೆಂದರೆ ಲಿಫ್ಟಿನಲ್ಲಿ ಮೇಲೆ ಬರುವ ಒಂದು ಪೊಟ್ಟಣ. ಆದರೂ ಹೋಟೆಲಿನವರು ಎಲ್ಲಿ ಕೂತು, ಯಾವ ಬಣ್ಣದ ಪರದೆಯ ಮೇಲೆ, ಯಾರ ಜೊತೆ ಕಷ್ಟಸುಖ ಹೇಳಿಕೊಳ್ಳಬೇಕು ಎಂದು ತೀರ್ಮಾನಿಸುವ ಧೈರ್ಯಕ್ಕೆ ನಮ್ಮಲ್ಲಿ ಏನೂ ಕೊರತೆಯಿರಲಿಲ್ಲ.

ನಮ್ಮದು ಚೆನ್ನೈನ ಒಂದು ಸಾಫ್ಟ್‌ವೇರ್ ಕಂಪನಿ. ಹೋಟೆಲುಗಳಿಗೆ ಬೇಕಾದ್ದನ್ನು ಮಾಡುತ್ತೇವೆ. ಟೇಬಲ್ಲಿನಲ್ಲಿ ಹೇಳಿದ್ದು ಅಡಿಗೆಮನೆಯ ಪರದೆಯ ಮೇಲೆ ಮೂಡಬೇಕು, ಬೆಳಗಿನ ತಿಂಡಿಯ ಪಟ್ಟಿ ಇಳಿದು ಊಟದ ಪಟ್ಟಿ ಏರಬೇಕು, ರವೆ ಮುಗಿದರೆ ರವಾದೋಸೆ ತಾನಾಗಿ ಮಾಯವಾಗಬೇಕು, ಇಂಥವು. ನಾನು ಮಂಡ್ಯದ ಕಡೆಯವಳು. ಗಂಡನ ಕೆಲಸದ ಬೆನ್ನಿಗೆ ಈ ಊರಿಗೆ ಬಂದು, ಮೈಲಾಪುರದ ಹಳೇ ಫ್ಲ್ಯಾಟೊಂದರಲ್ಲಿ ಸಂಸಾರ ಹೂಡಿ, ಈ ಕಂಪನಿಯ ಸಹಾಯವಾಣಿಗೆ ಸೇರಿದೆ. ಕನ್ನಡ ಬರುತ್ತದೆ ಎಂಬ ಒಂದೇ ಯೋಗ್ಯತೆಗೆ ಉಡುಪಿ ಕಡೆಯವರು ನಡೆಸುವ ಹೋಟೆಲುಗಳೆಲ್ಲ ನನ್ನ ಪಾಲಿಗೆ ಬಂದವು. ಅವರ ಫೋನು ಬರುತ್ತಿದ್ದುದು ಮಧ್ಯಾಹ್ನ ಮೂರರ ಮೇಲೆ. ಊಟದ ಗಲಾಟೆ ಇಳಿದು, ಸಂಜೆಯ ಬಜ್ಜಿ ಬೋಂಡಕ್ಕೆ ಎಣ್ಣೆ ಇಡುವ ಮೊದಲಿನ ಒಂದು ಗಂಟೆ ಇದೆಯಲ್ಲ, ಹೋಟೆಲಿನವರಿಗೆ ದಿನದಲ್ಲಿ ಅದೊಂದೇ ಉಸಿರು ಬಿಡುವ ಹೊತ್ತು.

ಅವರಲ್ಲಿ ಒಬ್ಬರು ದಿನಾ ಮೂರೂ ಹತ್ತಕ್ಕೆ ಫೋನು ಮಾಡುತ್ತಿದ್ದರು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಒಂದು ಸಣ್ಣ ಹೋಟೆಲಿನ ಮ್ಯಾನೇಜರು. ಅರವತ್ತು ದಾಟಿದ ಒಂಟಿ ಜೀವ. ಹೋಟೆಲಿನ ಮಹಡಿಯ ಕೋಣೆಯಲ್ಲೇ ವಾಸ, ಮೂವತ್ತು ವರ್ಷಕ್ಕೂ ಮೇಲೆ ಅದೇ ಗಲ್ಲಾದ ಕುರ್ಚಿ. ಮೊದಲ ದಿನ ಫೋನೆತ್ತಿ ಕನ್ನಡದಲ್ಲಿ ನಮಸ್ಕಾರ ಅಂದದ್ದೇ ತಡ, "ಮೇಡಂ, ನಿಮ್ಮ ಊರು ಯಾವುದು?" ಅಂದರು.

"ಮಂಡ್ಯ ಕಡೆ ಸಾರ್. ಪ್ರಾಬ್ಲಮ್ ಏನು ಹೇಳಿ."

"ಪ್ರಾಬ್ಲಮ್ ಎಲ್ಲಿಗೆ ಹೋಗ್ತದೆ ಮಾರಾಯ್ರೆ, ಇಲ್ಲೇ ಉಂಟಲ್ಲ. ಊರು, ಮನೆ ಗೊತ್ತಿಲ್ಲದವರ ಹತ್ರ ನಮ್ಮ ಕಷ್ಟ ಹೇಳುದು ಹೇಗೆ?"

ಊರು ಹೇಳಿದೆ. ಮನೆಯಲ್ಲಿ ಎಷ್ಟು ಜನ ಹೇಳಿದೆ. ಆಮೇಲೆ ಕಷ್ಟ ಹೊರಬಂತು. ಸಾಫ್ಟ್‌ವೇರ್ ತಂದವನು ಯಜಮಾನರ ಮಗ. ಅವನು ಇವರಿಗೆ ಖಡಾಖಂಡಿತ ಹೇಳಿದ್ದ: "ಮಿಷನ್ ನಡೆಸ್ಲಿಕ್ಕೆ ಬಂದ್ರೆ ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ. ಬರ್ದಿದ್ರೆ ಬೇರೆಯವರನ್ನು ಕೂರಿಸ್ತೇನೆ." ಮಿಷನ್ ಅಂದರೆ ನಮ್ಮ ಸಾಫ್ಟ್‌ವೇರ್. ಮೂರು ಗಂಟೆಗೆ ಆ ಮಗ ಊಟಕ್ಕೆ ಮನೆಗೆ ಹೋದಾಗ ಇವರು ಗುಟ್ಟಾಗಿ ನನಗೆ ಫೋನು ಹಚ್ಚುವುದು. ಎಡಗಡೆಯ ಹಸಿರು ಒತ್ತಿ, ಸಂಜೆ ಅಂತ ಇದೆಯಲ್ಲ ಅದು, ಈಗ ಸರಿ ಅಂತ ಒತ್ತಿ ಎಂದು ನಾನು ಹೇಳಿಕೊಡುತ್ತಿದ್ದೆ. "ಬಂತು ಬಂತು! ಬಜ್ಜಿ ಬಂತು!" ಎಂದು ಮಗು ಹೆತ್ತವರ ಹಾಗೆ ಸಂಭ್ರಮಪಡುತ್ತಿದ್ದರು. ಮರುದಿನ ಮೂರೂ ಹತ್ತಕ್ಕೆ ಮತ್ತೆ ಅದೇ ಪಾಠ. ಮೊದಮೊದಲು ನನಗೆ ರೇಗುತ್ತಿತ್ತು, ಸುಳ್ಳೇಕೆ ಹೇಳಲಿ. ಆಮೇಲಾಮೇಲೆ ಅವರು "ತಂಗಿ" ಅನ್ನತೊಡಗಿದರು, ನಾನು "ಅಣ್ಣ" ಅನ್ನತೊಡಗಿದೆ. ಶನಿವಾರ ಆ ಬೀದಿಯಲ್ಲಿ ಹೋದರೆ ಕಾಫಿ ಕುಡಿಸದೆ ಬಿಟ್ಟವರಲ್ಲ.

"ಅವರು ತೆಗೆದೇ ಬಿಟ್ರೆ ಊರಿಗೆ ಹೋಗ್ತೀರಾ ಅಣ್ಣ?" ಎಂದು ಒಮ್ಮೆ ಕೇಳಿದೆ.

"ಯಾವ ಊರು ತಂಗಿ? ಅಲ್ಲಿ ಬಸ್ಸಿಂದ ಇಳಿದ್ರೆ ಎಡಕ್ಕೆ ತಿರುಗುದಾ ಬಲಕ್ಕಾ ಅಂತ ಈಗ ಯಾರನ್ನಾದ್ರೂ ಕೇಳ್ಬೇಕು ನಾನು. ನನಗೆ ಇರುದು ಈ ಕುರ್ಚಿ ಒಂದೇ."

ಆ ಕುರ್ಚಿ ನನ್ನ ಫೋನಿನ ಮೇಲೆ ನಿಂತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೆ ಇಲ್ಲ.

ಅಂಥದರಲ್ಲಿ ನಮ್ಮ ಬಾಸಿಗೆ 'ಕಮ್ಯುನಿಟಿ' ಹಿಡಿಯಿತು, ಕೆಲವರಿಗೆ ಮೈಮೇಲೆ ದೇವರು ಬರುವ ಹಾಗೆ. ಯಾವುದೋ ಸಮ್ಮೇಳನಕ್ಕೆ ಹೋಗಿ ಕೊರಳಿಗೆ ಹೆಸರು ಬರೆದ ಪಟ್ಟಿ ಹಾಕಿಕೊಂಡು ಬಂದಿದ್ದರು. ಇನ್ನು ಮುಂದೆ ಗ್ರಾಹಕರು ನಮ್ಮನ್ನು ಕೇಳಬಾರದು; ಅಂತರ್ಜಾಲದಲ್ಲಿ ಒಂದು ಕಟ್ಟೆ ಕಟ್ಟಿಕೊಟ್ಟರೆ ಅಲ್ಲಿ ಒಬ್ಬ ಗ್ರಾಹಕ ಕೇಳುತ್ತಾನೆ, ಇನ್ನೊಬ್ಬ ಗ್ರಾಹಕ ಹೇಳುತ್ತಾನೆ, ನಾವು ಫೋನು ಮುಚ್ಚಿ ಹಾಯಾಗಿರಬಹುದು. ಆಹಾ, ಎಂಥ ಬುದ್ಧಿ! ಮದುವೆಗೆ ಕರೆದು, ಬಂದವರ ಕೈಗೇ ಸೌಟು ಕೊಟ್ಟು, ನೀವೇ ಅಡಿಗೆ ಮಾಡಿ ನೀವೇ ಬಡಿಸಿಕೊಳ್ಳಿ ಅಂದ ಹಾಗೆ. ಅದಕ್ಕೆ 'ಗ್ರಾಹಕರಿಗೆ ಅಧಿಕಾರ' ಎಂದು ಬೇರೆ ಹೆಸರು.

ಕಟ್ಟೆ ಕಟ್ಟಿಕೊಡುವ ಕಂಪನಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಸಮಿತಿಯಾಯಿತು, ದೊಡ್ಡದೊಂದು ಎಕ್ಸೆಲ್ ಹಾಳೆಯಾಯಿತು, ಅಂಕ ಕೊಡುವುದಾಯಿತು. ರಾತ್ರಿ ಹೊತ್ತು ಪರದೆ ತಾನಾಗಿ ಕಪ್ಪಗಾಗುತ್ತದೆಯೇ, ಚೆನ್ನಾಗಿ ಉತ್ತರ ಹೇಳಿದವನ ಹೆಸರಿನ ಪಕ್ಕ ಕಿರೀಟ ಮೂಡುತ್ತದೆಯೇ, ಹುಟ್ಟುಹಬ್ಬದ ದಿನ ಬಣ್ಣದ ಕಾಗದ ಉದುರುತ್ತದೆಯೇ. ಒಂದೊಂದಕ್ಕೂ ಅಂಕ. ಬಿರುದುಗಳಿಗೆ ಹೆಸರಿಡಲು ಎರಡು ಪೂರ್ತಿ ಮಧ್ಯಾಹ್ನ ಹಿಡಿಯಿತು. ಹೊಸದಾಗಿ ಬಂದವನು 'ಮಿನಿ ಇಡ್ಲಿ', ಹತ್ತು ಉತ್ತರ ಕೊಟ್ಟವನು 'ತುಪ್ಪದ ರೋಸ್ಟ್', ಎಲ್ಲರಿಗಿಂತ ಮೇಲಿನವನು 'ಫ್ಯಾಮಿಲಿ ದೋಸೆ'. ಒಬ್ಬ ಸದಸ್ಯನಿಲ್ಲ, ಆಗಲೇ ದೋಸೆ ಹಂಚುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ನಮ್ಮವರು ಕುಲಾವಿಗೆ ಜರಿಯಂಚನ್ನೂ ಹೊಲಿಸಿದ್ದರು.

ಕೊನೆಗೆ ಮೂರು ಕಂಪನಿ ಉಳಿದವು. ಮೊದಲನೆಯವರು ಬಂದು ತೋರಿಸಿದ್ದು ಯಾವುದೋ ದೇಶದ ಓಟದ ಬೂಟು ಮಾರುವವರ ಕಟ್ಟೆ. ಬೂಟು ಕೊಂಡವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದೊಂದು ಬಾಕಿ. ನಾನು ಬಾಯಿ ಬಿಟ್ಟೆ: "ಇದರಲ್ಲಿ ಬರೆಯೋ ಬದಲು ಮಾತಾಡಿ ಕಳಿಸಬಹುದಾ? ನಮ್ಮವರ ಕೈಯೆಲ್ಲ ಹಿಟ್ಟಾಗಿರುತ್ತೆ."

"ಮುಂದಿನ ವರ್ಷದ ಯೋಜನೆಯಲ್ಲಿದೆ," ಅಂದ ಬಂದವನು, ಹಲ್ಲು ಕಿರಿಯುತ್ತ.

"ಇನ್ನೊಂದು. ನಮ್ಮವರು ನಾಲ್ಕು ಜನರೆದುರು ನನಗೆ ಗೊತ್ತಿಲ್ಲ ಅನ್ನೋದಿಲ್ಲ. ಎದುರಿನ ಹೋಟೆಲಿನವನು ಓದ್ತಾನೆ ಅಂತ ಗೊತ್ತಾದರೆ ಮಿಷನ್ ಹೊತ್ತಿ ಉರಿದರೂ ಬಾಯಿ ಬಿಡಲ್ಲ."

ಅದಕ್ಕೆ ಬಾಸು, "ಕಲೀತಾರೆ. ಜನ ಬದಲಾಗ್ತಾರೆ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಜನರೇ ಡೊಂಕು ಅನ್ನುತ್ತಿದ್ದರು.

ಮೂರನೆಯದೊಂದಿತ್ತು, ನೋಡಲು ಸಪ್ಪೆ. ಆದರೆ ಅದರಲ್ಲಿ ಮಾತಾಡಿ ಕಳಿಸಬಹುದಿತ್ತು, ಒಂದು ಗುಂಡಿ ಒತ್ತಿದರೆ ನಮ್ಮ ಫೋನಿಗೇ ಬರುತ್ತಿತ್ತು. ಮೂರೂ ಹತ್ತರ ಅಣ್ಣನಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದನ್ನು 'ಹಳೇ ಕಾಲದ್ದು' ಎಂದು ತೆಗೆದುಹಾಕಿದರು. ತೆಗೆದುಹಾಕಿದರು ಎಂದು ಬೇರೆಯವರ ಮೇಲೆ ಹಾಕುವುದು ಸುಲಭ. ಅಂಕ ಕೊಟ್ಟವರಲ್ಲಿ ನಾನೂ ಇದ್ದೆ, ನಾನೂ ಆ ಮೊದಲನೆಯವರ ಕಿರೀಟದ ಕಟ್ಟೆಗೇ ಕೊಟ್ಟೆ. ಯಾಕೆಂದರೆ ಹಿಂದಿನ ದಿನ ಬಾಸು ನನ್ನನ್ನು ಕರೆದು, ಫೋನು ಮುಚ್ಚಿದ ಮೇಲೆ 'ಕಮ್ಯುನಿಟಿ ಹೆಡ್' ನೀವೇ, ನಿಮಗೊಂದು ಬಾಗಿಲಿರುವ ಕೋಣೆ ಅಂದಿದ್ದರು. ವರ್ಷಗಟ್ಟಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅಕ್ಕಪಕ್ಕದವರ ಕಿರುಚಾಟದ ಮಧ್ಯೆ ಬಾಳಿದವಳಿಗೆ ಬಾಗಿಲು ಎಂಬ ಮಾತು ಕೇಳಿಯೇ ಬಾಯಲ್ಲಿ ನೀರೂರಿತು. ಥೂ, ಒಂದು ಬಾಗಿಲಿಗೆ!

ಕೇಕು ಕತ್ತರಿಸಿ ಕಟ್ಟೆಯನ್ನು ತೆರೆದರು. ಮೊದಲ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡು ವಾರದಲ್ಲಿ ಬಂದದ್ದು ಇಬ್ಬರೇ; ಒಬ್ಬ 'ಹಾಯ್' ಎಂದು ಬರೆದು ಹೋದ, ಇನ್ನೊಬ್ಬ ಹಳೇ ಗ್ರೈಂಡರ್ ಮಾರಾಟಕ್ಕಿದೆ ಎಂದು ಫೋಟೋ ಹಾಕಿದ. ಬಾಸು ಸುಮ್ಮನಿರಲಿಲ್ಲ. ಮೊದಲು ನಾವೇ ಒಂದಿಷ್ಟು ಬೀಜ ಬಿತ್ತಬೇಕು, ಎಲ್ಲ ಕಂಪನಿಯವರೂ ಮಾಡುವುದು ಇದನ್ನೇ ಅಂದರು. ಬೀಜವೆಂದರೆ ಸುಳ್ಳು ಹೋಟೆಲಿನವರು. ಒಬ್ಬೊಬ್ಬರೂ ಮೂರು ಮೂರು ಜನರನ್ನು ಹುಟ್ಟಿಸಿ, ಒಂದರ ಬಾಯಲ್ಲಿ ಪ್ರಶ್ನೆ ಕೇಳಿಸಿ ಇನ್ನೊಂದರ ಬಾಯಲ್ಲಿ ಉತ್ತರ ಹೇಳಿಸಬೇಕು. ಮಾರ್ಕೆಟಿಂಗಿನವರು ಹುಟ್ಟಿಸಿದ ಹೋಟೆಲಿನವರು 'ಹಲೋ ಗೆಳೆಯರೇ, ಇವತ್ತಿನ ಟಿಪ್' ಎಂದು ಶುರುಮಾಡುತ್ತಿದ್ದರು. ಚಟ್ನಿ ರುಬ್ಬಿದ ಮನುಷ್ಯ ಹಾಗೆ ಮಾತಾಡಿದ್ದನ್ನು ಯಾರಾದರೂ ಕೇಳಿದ್ದಾರೆಯೇ?

ನನ್ನದು ಮಾತ್ರ ಜೀವಂತವಾಗಿತ್ತು. ಹೊಗಳಿಕೊಳ್ಳುವುದಲ್ಲ, ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಮಾಧವರಂ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲು ಇಟ್ಟೆ. ಊರಿನ ಆ ತುದಿಯಾದರೆ ನಮ್ಮ ಮೈಲಾಪುರದವರು ಯಾರು ಹೋಗಿ ನೋಡುತ್ತಾರೆ ಎಂಬ ಧೈರ್ಯ. ಯಜಮಾನರಿಗೆ ಮೊದಲು ಊರು ಕೊಟ್ಟೆ, ಉಡುಪಿ ಕಡೆ. ಊರು ಗೊತ್ತಿಲ್ಲದವರ ಮಾತನ್ನು ಆ ಜನ ಕೇಳುವುದಿಲ್ಲ ಎಂದು ನನಗೆ ಕಲಿಸಿಕೊಟ್ಟವರಿದ್ದರಲ್ಲ. ಚಿತ್ರಕ್ಕೆ ಒಂದು ಕಾಫಿ ಲೋಟ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಗಣಪತಿಗೆ ಇಟ್ಟ ಕುಂಕುಮವನ್ನೇ ಪರದೆಯ ಮೂಲೆಗೂ ಇಡುತ್ತೇನೆ ಎಂದು ಬರೆಸಿದೆ. ಅದು ಮೂರೂ ಹತ್ತರ ಅಣ್ಣ ನನಗೆ ಹೇಳಿದ್ದು. ಬಜ್ಜಿಯ ಪಟ್ಟಿ ಏರದೆ ಪರದಾಡಿದ್ದು, ಹಸಿರು ಗುಂಡಿ ಕಾಣದೆ ಕನ್ನಡಕ ಬದಲಾಯಿಸಿದ್ದು, ಎಲ್ಲ ಅವರದೇ. ಅವರು ಫೋನಿನಲ್ಲಿ ಕೇಳಿದ್ದನ್ನೆಲ್ಲ ನನ್ನ ಇನ್ನಿಬ್ಬರು ಸುಳ್ಳು ಹೋಟೆಲಿನವರ ಬಾಯಲ್ಲಿ ಕೇಳಿಸಿದೆ, ನಾನು ಹೇಳಿದ್ದನ್ನೆಲ್ಲ ಮಾಧವರಂ ಯಜಮಾನರ ಬಾಯಿಗೆ ಇಟ್ಟೆ.

ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದಾಗ ಒಂಬತ್ತನೇ ಕ್ಲಾಸಿನ ಮಗಳು ಭುಜದ ಮೇಲಿಂದ ಇಣುಕಿದಳು. ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲಿ ಉತ್ತರ ಕೊಡುವವಳು. "ಅಮ್ಮಾ, ಇದು ಫೇಕ್ ಐಡಿ. ಸ್ಕೂಲ್‌ಲ ಇಪ್ಪಡಿ ಪಣ್ಣಾ ಸಸ್ಪೆಂಡ್ ಪಣ್ಣುವಾಂಗ," ಅಂದಳು.

"ಸ್ಕೂಲಲ್ಲಿ ಸಸ್ಪೆಂಡ್ ಮಾಡ್ತಾರೆ, ಆಫೀಸಲ್ಲಿ ಪ್ರಮೋಷನ್ ಕೊಡ್ತಾರೆ. ಹೋಗಿ ಓದ್ಕೋ," ಅಂದೆ.

ಸೋಮವಾರದಿಂದ ಫೋನು ಬಂದ್ ಎಂದು ಆಯಿತು. ಅದೇ ಹೊತ್ತಿಗೆ ಸಾಫ್ಟ್‌ವೇರಿಗೆ ಹೊಸ ರೂಪವೂ ಬರಬೇಕೇ! ಗುಂಡಿಗಳೆಲ್ಲ ಎಡದಿಂದ ಬಲಕ್ಕೆ, ಹಸಿರೆಲ್ಲ ನೀಲಿ. ಶುಕ್ರವಾರ ಮೂರೂ ಹತ್ತಕ್ಕೆ ಅವರ ಫೋನು ಬಂತು.

"ಅಣ್ಣ, ಸೋಮವಾರದಿಂದ ಈ ಫೋನ್ ಇರಲ್ಲ. ಕಂಪ್ಯೂಟರಿನಲ್ಲೇ ಕೇಳಬೇಕು. ಬೇರೆ ಹೋಟೆಲಿನವರು ಹೇಳಿಕೊಡ್ತಾರೆ."

"ಅವರು ಎಂತಕ್ಕೆ ಹೇಳಿಕೊಡ್ತಾರೆ? ಅವರಿಗೆ ಬೇರೆ ಕೆಲಸ ಇಲ್ವಾ?"

ಇಷ್ಟು ದೊಡ್ಡ ಪ್ರಶ್ನೆಯನ್ನು ನಮ್ಮ ಸಮಿತಿಯಲ್ಲಿ ನಾಲ್ಕು ತಿಂಗಳು ಯಾರೂ ಕೇಳಿರಲಿಲ್ಲ. ನನ್ನ ಬಾಯಿಗೆ ಬಂದದ್ದು ಇದು: "ಹೇಳ್ತಾರೆ ಅಣ್ಣ. ಮಾಧವರಂನಲ್ಲಿ ಒಬ್ಬರಿದ್ದಾರೆ. ನಿಮ್ಮ ಕಡೆಯವರೇ."

"ಹೌದಾ? ನಮ್ಮ ಕಡೆಯವರಾ? ಹಾಗಾದ್ರೆ ಅಡ್ಡಿಲ್ಲ," ಅಂದರು. ದನಿಯಲ್ಲಿ ನಿಜವಾದ ಸಮಾಧಾನ.

ನನ್ನ ಸ್ವಂತ ನಂಬರು ಕೊಡಬಹುದಿತ್ತು. ಗ್ರಾಹಕರಿಗೆ ಸ್ವಂತ ನಂಬರು ಕೊಡಕೂಡದು ಎಂದು ಕಂಪನಿಯ ನಿಯಮ. ಕಂಪನಿಯ ನೂರು ನಿಯಮಗಳನ್ನು ಮುರಿದವಳಿಗೆ ಆ ಒಂದು ನಿಯಮ ಮಾತ್ರ ಅವತ್ತು ಬಹಳ ಅನುಕೂಲವಾಗಿ ಕಂಡಿತು. ಶನಿವಾರ ಆ ಬೀದಿ ಬಿಟ್ಟು ಬಳಸುದಾರಿಯಲ್ಲಿ ತರಕಾರಿಗೆ ಹೋಗತೊಡಗಿದೆ.

ಬಾಗಿಲಿರುವ ಕೋಣೆ ಸಿಕ್ಕಿತು. ಮಧ್ಯಾಹ್ನ ಮೂರಕ್ಕೆ ಆ ಬಾಗಿಲು ಹಾಕಿಕೊಂಡು ಮಾಧವರಂ ಯಜಮಾನರಾಗಿ ಕೂರುತ್ತಿದ್ದೆ. ಹೊಸ ಗುಂಡಿಗಳ ಬಗ್ಗೆ ಉದ್ದುದ್ದ ಬರೆದೆ. ಇದನ್ನು ಅಣ್ಣ ಓದಿ ಕಲಿತುಕೊಳ್ಳುತ್ತಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆರು ವಾರದಲ್ಲಿ ನನ್ನ ಯಜಮಾನರಿಗೆ ಫ್ಯಾಮಿಲಿ ದೋಸೆ ಬಂತು.

ಆ ತಿಂಗಳ ಕೊನೆಯ ಮೀಟಿಂಗಿನಲ್ಲಿ ಬಾಸು ಪರದೆಯ ಮೇಲೆ ಒಂದು ಪತ್ರ ತೋರಿಸಿದರು. ಸುಳ್ಳು ಖಾತೆಗಳ ಪಾಸ್‌ವರ್ಡುಗಳೆಲ್ಲ ಒಂದೇ ಹಾಳೆಯಲ್ಲಿದ್ದವು. ಅವತ್ತು ಬೆಳಿಗ್ಗೆ ಮಾರ್ಕೆಟಿಂಗಿನವನೊಬ್ಬ ಮಾಧವರಂ ಯಜಮಾನರ ಖಾತೆ ತೆರೆದಾಗ, ಹಿಂದಿನ ರಾತ್ರಿ ಅವರಿಗೆ ಖಾಸಗಿಯಾಗಿ ಬಂದ ಈ ಪತ್ರ ಕಂಡಿತಂತೆ. ಕನ್ನಡದಲ್ಲಿತ್ತು. ಕೋಣೆಯಲ್ಲಿ ಓದಲು ಬರುತ್ತಿದ್ದವಳು ನಾನೊಬ್ಬಳೇ.

'ನಮಸ್ಕಾರ. ನಾನು ಮೈಲಾಪುರದ ಹೋಟೆಲಿನಲ್ಲಿ ಗಲ್ಲಾದಲ್ಲಿ ಇದ್ದವನು, ನಮ್ಮ ಕಡೆಯ ಒಬ್ಬ ಹುಡುಗನ ಕೈಲಿ ಇದನ್ನು ಬರೆಸುತ್ತಿದ್ದೇನೆ. ನೀವು ಬರೆದದ್ದೆಲ್ಲ ಓದಿದ್ದೇನೆ. ನನಗೆ ಬಂದ ಕಷ್ಟವೇ ನಿಮಗೂ ಬಂದದ್ದು ನೋಡಿ ಧೈರ್ಯ ಆಯಿತು. ಓದಿದರೂ ಹೊಸ ಮಿಷನ್ ನನಗೆ ಕೈಗೆ ಹತ್ತಲಿಲ್ಲ. ನನ್ನ ಜಾಗದಲ್ಲಿ ಈಗ ಬೇರೆಯವರು ಕೂತಿದ್ದಾರೆ. ನಿಮ್ಮಲ್ಲಿ ಗಲ್ಲಾಕ್ಕೆ ಜನ ಬೇಕಾ? ಇಲ್ಲದಿದ್ದರೆ ತರಕಾರಿ ತರುವ ಕೆಲಸವಾದರೂ ಆಗ್ತದೆ. ಭಾನುವಾರ ಮಾಧವರಂ ಬಸ್‌ಸ್ಟ್ಯಾಂಡಿಗೆ ಬಂದು ಸುತ್ತಲೂ ಕೇಳಿದೆ. ಯಾರಿಗೂ ನಿಮ್ಮ ಹೋಟೆಲ್ ಗೊತ್ತಿಲ್ಲ. ದಯವಿಟ್ಟು ಗುರುತು ಹೇಳಿ, ಮತ್ತೊಮ್ಮೆ ಬರುತ್ತೇನೆ.'

"ನೋಡಿ! ಎಷ್ಟುದ್ದ!" ಬಾಸಿನ ಮುಖ ಅರಳಿತ್ತು. "ಒಬ್ಬ ಗ್ರಾಹಕ ಇನ್ನೊಬ್ಬ ಗ್ರಾಹಕನಿಗೆ ತಾನಾಗಿ ಬರೆಯೋದು ಅಂದರೆ ಇದು."

"ಆ ಇನ್ನೊಬ್ಬ ಗ್ರಾಹಕ ಇವರೇ ಅಲ್ಲವಾ?" ಎಂದು ಯಾರೋ ನನ್ನನ್ನು ತೋರಿಸಿ ನಕ್ಕರು.

"ಅದು ಮುಖ್ಯ ಅಲ್ಲ. ನಂಬಿಕೆ ನೋಡಿ, ನಂಬಿಕೆ!" ಬಾಸು ನನ್ನ ಕಡೆ ತಿರುಗಿದರು. "ಎನ್ನ ಎಳುದಿರುಕ್ಕಾರು? ಏನು ಬರೆದಿದ್ದಾರೆ, ಎಲ್ಲರಿಗೂ ಹೇಳಿ."

ಹೇಳಬಹುದಿತ್ತು. ಸಾಲು ಸಾಲಾಗಿ ಓದಿ, ನಿಮ್ಮ ಕಿರೀಟಕ್ಕೆ ಬೆಂಕಿ ಬಿತ್ತು ಎಂದು ಎದ್ದು ಬರಬಹುದಿತ್ತು. "ಪರಿಚಯ ಮಾಡ್ಕೊಂಡಿದ್ದಾರೆ ಸಾರ್," ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಮಧ್ಯಾಹ್ನವೇ ತಲೆನೋವೆಂದು ಹೇಳಿ ಹೊರಟೆ. ಹೋಟೆಲಿಗೆ ಹೋದಾಗ ಮೂರೂವರೆ. ಗಲ್ಲಾದ ಕುರ್ಚಿಯಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಕೂತು ನೀಲಿ ಗುಂಡಿಗಳನ್ನು ಪಟಪಟ ಒತ್ತುತ್ತಿದ್ದಳು. ಅಣ್ಣ ಒಳಗೆ, ಉಗ್ರಾಣದ ಬಾಗಿಲಲ್ಲಿ ಮಣೆ ಹಾಕಿಕೊಂಡು ಕರಿಬೇವು ಬಿಡಿಸುತ್ತಿದ್ದರು. ತಿಂಗಳ ಮಟ್ಟಿಗೆ ಇರಿ, ಅಷ್ಟರಲ್ಲಿ ಬೇರೆ ಕಡೆ ನೋಡಿಕೊಳ್ಳಿ ಅಂದಿದ್ದಾರಂತೆ. ನನ್ನನ್ನು ಕಂಡು ಮುಖ ಇಷ್ಟಗಲವಾಯಿತು.

"ಓ ತಂಗಿ! ಒಳ್ಳೆ ಸಮಯಕ್ಕೆ ಬಂದ್ರಿ. ಒಂದು ಕಾಫಿ ಕೊಡು ಮಾರಾಯಾ ಇವರಿಗೆ!" ಎಂದು ಒಳಗೆ ಕೂಗಿ, ದನಿ ತಗ್ಗಿಸಿದರು. "ಆ ಮಾಧವರಂನವರ ಫೋನ್ ನಂಬರ್ ನಿಮ್ಮ ಆಫೀಸಲ್ಲಿ ಉಂಟಲ್ವಾ? ಬಿಸಿಲಲ್ಲಿ ಎಷ್ಟು ಹುಡುಕಿದೆ ಗೊತ್ತುಂಟಾ. ಒಳ್ಳೆ ಜನ ಅವರು. ನನಗೆ ಆದದ್ದೆಲ್ಲ ಅವರಿಗೂ ಆಗಿದೆ."

"ಆ ಹೋಟೆಲ್ ಇಲ್ಲ ಅಣ್ಣ."

"ಮುಚ್ಚಿದ್ರಾ?"

"ಇರಲೇ ಇಲ್ಲ. ಅದನ್ನೆಲ್ಲ ಬರೆದಿದ್ದು ನಾನು."

ಅವರ ಕೈ ನಿಂತಿತು. "ಎಲ್ಲ ಉತ್ತರವೂ?"

"ಎಲ್ಲಾನೂ."

"ಪರದೆಗೆ ಕುಂಕುಮ ಇಟ್ಟದ್ದು?"

"ನೀವು ಹೇಳಿದ್ದನ್ನೇ ಬರೆದೆ."

ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಅವರು ನನ್ನನ್ನೇ ನೋಡುತ್ತ ಏನನ್ನೋ ಕೂಡಿಸಿಕೊಳ್ಳುತ್ತಿದ್ದರು.

"ಹಾಗಾದ್ರೆ ನೀವು ಅಲ್ಲೇ ಇದ್ರಿ. ಮೂರು ಗಂಟೆಗೆ."

"ಇದ್ದೆ."

"ಫೋನು ಎತ್ತಲಿಲ್ಲ, ಅಷ್ಟೇ."

ಕಾಫಿ ಬಂತು. ಇಬ್ಬರ ನಡುವೆ ನೆಲದ ಮೇಲೆ ಕೂತಿತು. ನಾನು ಚೀಲದಿಂದ ಒಂದು ಚೀಟಿ ತೆಗೆದು ನನ್ನ ಸ್ವಂತ ನಂಬರು ಬರೆದು ಅವರ ಮುಂದೆ ಹಿಡಿದೆ. ಯಾವಾಗ ಬೇಕಾದರೂ ಮಾಡಿ ಅಣ್ಣ, ರಾತ್ರಿಯಾದರೂ ಸರಿ, ಏನು ಬೇಕಾದರೂ ಕೇಳಿ ಅಂದೆ. ಅವರು ಚೀಟಿ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಅಂಕಿಗಳನ್ನು ಒಂದೊಂದಾಗಿ ಓದಿದರು. ಹೊರಗೆ ಗಲ್ಲಾದಲ್ಲಿ ಗುಂಡಿ ಒತ್ತುವ ಸದ್ದು ಕೇಳುತ್ತಿತ್ತು. ಚೀಟಿಯನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಇನ್ನೆಂತಕ್ಕೆ ತಂಗಿ? ಕೇಳ್ಲಿಕ್ಕೆ ನನ್ನ ಹತ್ರ ಈಗ ಮಿಷನ್ ಎಲ್ಲಿ ಉಂಟು?"